ಅಂಕಿಗೂ ಸಾಕ್ಷಿ ಬೇಕು

ಅಂಕಿಯೆಂದರೆ ನಮ್ಮ ಜನಕ್ಕೆ ಈಚೆಗೆ ಒಂದು ಬಗೆಯ ಭಕ್ತಿ ಹುಟ್ಟಿದೆ. ಮಾತಿನಲ್ಲಿ ಹೇಳಿದುದನ್ನು ‘ಅದು ನಿಮ್ಮ ಅಭಿಪ್ರಾಯ’ ಎಂದು ತಳ್ಳಿಹಾಕುವ ಮಹನೀಯರೇ ಅದನ್ನು ದಶಮಾಂಶ ಬಿಂದುವಿನ ಸಮೇತ ಹೇಳಿದಾಗ ತಲೆದೂಗುತ್ತಾರೆ. ‘ನಮ್ಮ ದೇಶದಲ್ಲಿ ಓದುಬರಹ ಬಲ್ಲವರು ಹೆಚ್ಚುತ್ತಿದ್ದಾರೆ’ ಎಂದರೆ ವಾದಕ್ಕೆ ನಿಲ್ಲುತ್ತಾರೆ, ‘ನೂರಕ್ಕೆ 72.98’ ಎಂದರೆ ಸುಮ್ಮನಾಗುತ್ತಾರೆ. ಆ 72.98 ಎಲ್ಲಿಂದ ಬಂತು, ಯಾರು ಎಣಿಸಿದರು, ಯಾರನ್ನು ಎಣಿಸಿದರು ಎಂದು ಕೇಳುವವರು ವಿರಳ. ದೇವರ ಕುಲಗೋತ್ರ ಕೇಳಬಾರದೆಂಬಂತೆ ಅಂಕಿಯ ಕುಲಗೋತ್ರವನ್ನೂ ಕೇಳಬಾರದೆಂದು ತಿಳಿದಿರುವಂತೆ ತೋರುತ್ತದೆ.

ಈ ಭಕ್ತಿಗೆ ತಕ್ಕ ಉಗ್ರಾಣವೊಂದು ಜಾಲದಲ್ಲಿ ಎದ್ದು ನಿಂತಿದೆ. ವಿಕಿಪೀಡಿಯವನ್ನು ವಾಚಕರೆಲ್ಲ ಬಲ್ಲರು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ಅದು. ಕನ್ನಡದಲ್ಲಿ 2003ರಿಂದ ನಡೆದುಬಂದಿದೆ. ಅದರ ಬೆನ್ನಿಗೆ ವಿಕಿಡೇಟಾ ಎಂಬ ಇನ್ನೊಂದು ಸಂಸ್ಥಾನವಿರುವುದು ಅಷ್ಟಾಗಿ ಪ್ರಚಾರದಲ್ಲಿಲ್ಲ. 2012ರ ಅಕ್ಟೋಬರಿನಲ್ಲಿ ಆರಂಭವಾದ ಇದರಲ್ಲಿ ಲೇಖನಗಳಿಲ್ಲ; ಬಿಡಿಬಿಡಿಯಾದ ಸಂಗತಿಗಳಿವೆ. ಜಗತ್ತಿನ ಒಂದೊಂದು ವಸ್ತುವಿಗೂ ಒಂದೊಂದು ನಂಬರು: ಭಾರತಕ್ಕೆ ಕ್ಯೂ 668, ಕರ್ನಾಟಕಕ್ಕೆ ಕ್ಯೂ 1185. ಗುಣಗಳಿಗೂ ಹಾಗೆಯೇ: ಜನಸಂಖ್ಯೆಯೆಂಬ ಗುಣಕ್ಕೆ ಪಿ 1082. ಅಲ್ಲಿ ಅಂಕಿಯನ್ನು ಒಮ್ಮೆ ಬರೆದಿಟ್ಟರೆ ಕನ್ನಡ, ತಮಿಳು, ಸ್ವಾಹಿಲಿ, ಯಾವ ಭಾಷೆಯ ಪುಟವಾದರೂ ಅದನ್ನು ಎತ್ತಿಕೊಳ್ಳಬಹುದು. ಮುನ್ನೂರು ಭಾಷೆಗಳಲ್ಲಿ ಮುನ್ನೂರು ಸಲ ತಿದ್ದುವ ಬದಲು ಒಂದೇ ಕಡೆ ತಿದ್ದಿದರೆ ಆಯಿತು. ಕೆಲಸಗಾರರು ಕಡಮೆಯಿರುವ ಕನ್ನಡದಂಥ ಭಾಷೆಗೆ ಇದು ವರಪ್ರಸಾದವೆಂದರೆ ಅತಿಶಯವಲ್ಲ.

ಈ ಉಗ್ರಾಣಕ್ಕೆ ಈಗ ದೇಶದೇಶಗಳ ಅಂಕಿ-ಅಂಶಗಳನ್ನು ಗಾಡಿಗಟ್ಟಲೆ ತಂದು ಸುರಿಯುವ ಉತ್ಸಾಹ ಹಬ್ಬಿದೆ. ಅಂಕಿಗಳಿಗೆ ಬರವೇನೂ ಇಲ್ಲ. ವಿಶ್ವಬ್ಯಾಂಕು 2010ರ ಏಪ್ರಿಲ್‌ನಲ್ಲಿ ತನ್ನ ಕೋಷ್ಟಕಗಳನ್ನೆಲ್ಲ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಭಾರತ ಸರ್ಕಾರವೂ 2012ರಲ್ಲಿ ದತ್ತಾಂಶ ಹಂಚಿಕೆಯ ನೀತಿಯೊಂದನ್ನು ಹೊರಡಿಸಿ ತನ್ನದೇ ಜಾಲತಾಣವನ್ನು ತೆರೆಯಿತು. ಸಣ್ಣದೊಂದು ಪ್ರೋಗ್ರಾಮು ಬರೆದರೆ ಒಂದು ರಾತ್ರಿಯಲ್ಲಿ ಇನ್ನೂರು ದೇಶಗಳ ಅರುವತ್ತು ವರ್ಷದ ಅಂಕಿಗಳು ಅಲ್ಲಿಂದ ಇಲ್ಲಿಗೆ ಬಂದು ಬೀಳುತ್ತವೆ. ‘ಮೊದಲು ಸುರಿಯೋಣ, ಸೋಸುವುದು ಆಮೇಲೆ’ ಎಂಬುದು ಈ ಉತ್ಸಾಹಿಗಳ ಮೂಲಮಂತ್ರ. ನನ್ನ ಜಗಳ ಈ ಮಂತ್ರದೊಡನೆ. ಅಂಕಿ ಬರಲಿ, ಯಂತ್ರದ ಕೈಯಿಂದಲೇ ಬರಲಿ, ನನ್ನ ಅಡ್ಡಿಯಿಲ್ಲ. ಆದರೆ ತನ್ನ ಸಾಕ್ಷಿಗಳನ್ನು ಕರೆದುಕೊಂಡು ಬಾರದ ಅಂಕಿಯನ್ನು ಒಳಕ್ಕೆ ಬಿಡಬಾರದು. ಅಂಥದಕ್ಕಿಂತ ಖಾಲಿ ಜಾಗವೇ ಮೇಲು. ಇದು ನನ್ನ ವಾದ.

ಮೇಲೆ ಹೇಳಿದ 72.98ನ್ನೇ ತೆಗೆದುಕೊಳ್ಳೋಣ. 2011ರಲ್ಲಿ ಭಾರತದ ಸಾಕ್ಷರತೆ ಎಷ್ಟು? ಆ ವರ್ಷದ ಮಾರ್ಚಿ ಕೊನೆಯಲ್ಲಿ ಜನಗಣತಿಯವರು ಹೊರಡಿಸಿದ ತಾತ್ಕಾಲಿಕ ಲೆಕ್ಕ ಹೇಳುವುದು 74.04. ಅದೇ ಗಣತಿಯ ಅಂತಿಮ ಲೆಕ್ಕ 72.98. ಯುನೆಸ್ಕೋದಿಂದ ವಿಶ್ವಬ್ಯಾಂಕಿಗೆ ಹೋದ ಅಂಕಿ 69.3. ಮೂರರಲ್ಲಿ ಯಾವುದೂ ಸುಳ್ಳಲ್ಲ. ನಮ್ಮ ಜನಗಣತಿ ಏಳು ವರ್ಷ ತುಂಬಿದವರನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಯುನೆಸ್ಕೋ ‘ವಯಸ್ಕರು’ ಎಂದಾಗ ಹದಿನೈದು ತುಂಬಿದವರನ್ನು ಹಿಡಿಯುತ್ತದೆ. ಶಾಲೆಗೆ ಹೋಗುತ್ತಿರುವ ಮಕ್ಕಳು ಲೆಕ್ಕದಿಂದ ಹೊರಗಾದರೆ ಶೇಕಡಾವಾರು ಇಳಿಯುವುದು ಸಹಜ. ಇನ್ನು ಹಿಂದಕ್ಕೆ ಹೋದರೆ 1951ರ 18.33 ಐದು ವರ್ಷ ತುಂಬಿದವರ ಲೆಕ್ಕ. ಈ ನಾಲ್ಕನ್ನೂ ‘ಸಾಕ್ಷರತೆ’ ಎಂಬ ಒಂದೇ ಕಂಬಸಾಲಿನಲ್ಲಿ ಕೂಡಿಸಿ ಗೆರೆಯೆಳೆದರೆ ಏನಾಗುತ್ತದೆ? ಒಂದು ವರ್ಷ ಮೂಲ ಬದಲಾದ ಕಾರಣಕ್ಕೆ ಸಾವಿರಾರು ಹಳ್ಳಿಗಳ ಜನ ಅಕ್ಷರ ಮರೆತಂತೆ ಕಾಣುತ್ತದೆ. ಇನ್ನೊಂದು ವರ್ಷ ಅದೇ ಕಾರಣಕ್ಕೆ ಕಲಿತಂತೆ ಕಾಣುತ್ತದೆ. ಜನ ಮರೆಯಲೂ ಇಲ್ಲ, ಕಲಿಯಲೂ ಇಲ್ಲ. ಆಮದು ಮಾಡಿದವನು ಅಡಿಟಿಪ್ಪಣಿಯನ್ನು ಸುಂಕದ ಕಟ್ಟೆಯಲ್ಲೇ ಬಿಟ್ಟುಬಂದ, ಅಷ್ಟೆ.

ಸಾಕ್ಷರತೆಯಲ್ಲಿ ವ್ಯಾಖ್ಯೆಯ ತೊಡಕಿದೆ, ಸರಿ. ತಲೆ ಎಣಿಸುವುದರಲ್ಲಿ ಏನು ತೊಡಕು ಎನ್ನಬಹುದು. 2001ರ ಖಾನೇಷುಮಾರಿಯಲ್ಲಿ ಭಾರತದ ಜನಸಂಖ್ಯೆ 1,02,86,10,328 ಎಂದು ಒಂದು ಕಡೆ ಇದೆ; 1,02,87,37,436 ಎಂದು ಇನ್ನೊಂದು ಕಡೆ ಇದೆ. ಎರಡೂ ಸರ್ಕಾರಿ ಲೆಕ್ಕವೇ. ವ್ಯತ್ಯಾಸ 1,27,108. ಇಷ್ಟು ಜನ ಎಲ್ಲಿ ಹೋದರು? ಮಣಿಪುರದ ಸೇನಾಪತಿ ಜಿಲ್ಲೆಯ ಮಾವೊ-ಮರಾಂ, ಪಾವೊಮಾಟಾ, ಪುರುಲ್ ಎಂಬ ಮೂರು ಉಪವಿಭಾಗಗಳಲ್ಲಿ ಆ ವರ್ಷದ ಗಣತಿಯ ಫಲಿತಾಂಶವನ್ನು ರದ್ದುಮಾಡಲಾಯಿತು. ಅವನ್ನು ಬಿಟ್ಟು ಕೂಡಿದರೆ ಮೊದಲನೆಯ ಸಂಖ್ಯೆ. ಅಂದಾಜಿನಿಂದ ತುಂಬಿ ಕೂಡಿದರೆ ಎರಡನೆಯದು. ಮೂಲಕೋಷ್ಟಕದ ಕೆಳಗೆ ಸಣ್ಣಕ್ಷರದಲ್ಲಿ ಇದನ್ನೆಲ್ಲ ಬರೆದಿದ್ದಾರೆ. ಆ ಸಣ್ಣಕ್ಷರವಿಲ್ಲದೆ ಸಂಖ್ಯೆಯೊಂದನ್ನೇ ಎತ್ತಿಕೊಂಡು ಬಂದರೆ ಮೂರು ಗುಡ್ಡಗಾಡು ಸೀಮೆಗಳ ಜನರೆಲ್ಲ ಒಂದು ಪುಟದಲ್ಲಿ ಇದ್ದಾರೆ, ಇನ್ನೊಂದು ಪುಟದಲ್ಲಿ ಇಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಎಣಿಕೆಗೂ ಅಂದಾಜಿಗೂ ಭೇದವೆಣಿಸದಿರುವುದು. 2023ರ ಏಪ್ರಿಲ್‌ನಲ್ಲಿ ಭಾರತವು ಚೀನವನ್ನು ಮೀರಿಸಿತೆಂದು, ನಾವು 142 ಕೋಟಿ 86 ಲಕ್ಷ ಜನರಿದ್ದೇವೆಂದು ಜಗತ್ತೆಲ್ಲ ಸುದ್ದಿಯಾಯಿತು. ಅದು ವಿಶ್ವಸಂಸ್ಥೆಯ ಅಂದಾಜು. ಆಗ ನಮ್ಮ ಕಡೆಯ ಎಣಿಕೆ ನಡೆದು ಹನ್ನೆರಡು ವರ್ಷ ಕಳೆದಿತ್ತು. 2021ರಲ್ಲಿ ಆಗಬೇಕಾಗಿದ್ದ ಗಣತಿ ಮುಂದಕ್ಕೆ ಹೋಗಿ, 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆ 2027ರ ಮಾರ್ಚ್ 1ನ್ನು ಗಣತಿಯ ಗಳಿಗೆಯೆಂದು ಗೊತ್ತುಮಾಡಿತು. ಅಂದಾಜನ್ನು ನಾನು ಹಳಿಯುವುದಿಲ್ಲ. ವಿದ್ವಾಂಸರು ಜನನ-ಮರಣಗಳ ಲೆಕ್ಕ ಹಾಕಿ ಮಾಡಿದ ಕೆಲಸ ಅದು. ಆದರೆ ಆ ಅಂದಾಜುಗಳನ್ನು ಎರಡು-ಮೂರು ವರ್ಷಕ್ಕೊಮ್ಮೆ ಹೊಸದಾಗಿ ಹೊರಡಿಸುವಾಗ ಹಿಂದಿನ ವರ್ಷಗಳ ಅಂಕಿಗಳನ್ನೂ ತಿದ್ದುತ್ತಾರೆ. ಹಳೆಯ ಆವೃತ್ತಿಯಿಂದ ತಂದಿಟ್ಟ ಅಂಕಿ ಉಗ್ರಾಣದಲ್ಲಿ ಉಳಿಯುತ್ತದೆ. ಮೂಲದಲ್ಲಿ ಅದು ಸತ್ತಿರುತ್ತದೆ. ಯಾವ ಆವೃತ್ತಿಯಿಂದ ತಂದದ್ದೆಂದು ಬರೆಯದಿದ್ದರೆ ಸತ್ತದ್ದು ತಿಳಿಯುವ ಬಗೆ ಹೇಗೆ?

ಹಣದ ಲೆಕ್ಕದಲ್ಲಂತೂ ಇದು ಬೆರಗು ಹುಟ್ಟಿಸುತ್ತದೆ. 2014ರ ಏಪ್ರಿಲ್‌ನಲ್ಲಿ ನೈಜೀರಿಯ ದೇಶ ತನ್ನ ಉತ್ಪನ್ನವನ್ನು ಲೆಕ್ಕ ಹಾಕುವ ಆಧಾರವರ್ಷವನ್ನು ಬದಲಿಸಿತು. ಒಂದೇ ದಿನದಲ್ಲಿ ಆ ದೇಶದ ಆರ್ಥಿಕತೆ ನೂರಕ್ಕೆ 89ರಷ್ಟು ಹಿಗ್ಗಿತು. ಲಾಗೋಸಿನ ಬೀದಿಯಲ್ಲಿ ಯಾರ ಜೇಬಿಗೂ ಒಂದು ಕಾಸು ಹೆಚ್ಚಾಗಿ ಬೀಳಲಿಲ್ಲ. ನಮ್ಮಲ್ಲೂ 2015ರ ಜನವರಿಯಲ್ಲಿ ಆಧಾರವರ್ಷ 2011-12ಕ್ಕೆ ಬಂದಾಗ 2013-14ರ ಬೆಳವಣಿಗೆ 4.7ರಿಂದ 6.9ಕ್ಕೆ ಏರಿತು. ಆಧಾರವರ್ಷವನ್ನು ಹೇಳದೆ ಇಂಥ ಅಂಕಿಯನ್ನು ಹೇಳುವುದು ಸೇರು-ಪಾವು-ಕಿಲೋ ಎನ್ನದೆ ‘ಐದು ಅಕ್ಕಿ’ ಎಂದಂತೆ.

ಮನೆಯ ಮಾತಿಗೆ ಬರೋಣ. ಕನ್ನಡ ಮಾತನಾಡುವವರು ಎಷ್ಟು ಜನ? 2011ರ ಗಣತಿಯ ಪ್ರಕಾರ 4,37,06,512 ಎಂಬುದು ಎಲ್ಲರೂ ಉದಾಹರಿಸುವ ಸಂಖ್ಯೆ. ಅದೇ ಕೋಷ್ಟಕದಲ್ಲಿ ಕೆಳಗಿಳಿದರೆ ‘ಕನ್ನಡ’ ಎಂಬುದರ ಮುಂದೆ 4,35,06,272 ಎಂದಿದೆ. ಎರಡು ಲಕ್ಷ ಜನ ಎಲ್ಲಿಂದ ಕೂಡಿದರು? ಕನ್ನಡವೆಂಬ ದೊಡ್ಡ ತಲೆಬರಹದ ಕೆಳಗೆ ನೀಲಗಿರಿಯ ಬಡಗರ 1,33,550, ಕುರುಂಬರ 24,189, ಇನ್ನೂ ಕೆಲವರನ್ನು ಸೇರಿಸಿದ್ದಾರೆ. ಬಡಗ ಕನ್ನಡದ ಉಪಭಾಷೆಯೋ, ಸ್ವತಂತ್ರ ಭಾಷೆಯೋ ಎಂಬುದು ಭಾಷಾಶಾಸ್ತ್ರಜ್ಞರು ಇಂದಿಗೂ ಚರ್ಚಿಸುವ ವಿಷಯ. ಸ್ವತಂತ್ರವೆಂದು ವಾದಿಸುವವರ ಪಕ್ಷ ದುರ್ಬಲವಲ್ಲ. ಮೊದಲನೆಯ ಸಂಖ್ಯೆಯನ್ನು ಟಿಪ್ಪಣಿಯಿಲ್ಲದೆ ಎತ್ತಿಡುವ ಪ್ರೋಗ್ರಾಮು ಆ ಚರ್ಚೆಗೆ ತೀರ್ಪು ಕೊಟ್ಟುಬಿಟ್ಟಿತು. ತೀರ್ಪು ಕೊಟ್ಟೆನೆಂಬುದೂ ಅದಕ್ಕೆ ಗೊತ್ತಿಲ್ಲ. ಬಡಗರ ಮಗುವೊಂದು ತನ್ನ ಭಾಷೆಯ ಹೆಸರನ್ನು ಹುಡುಕಿದರೆ ಅದು ನಮ್ಮ ಸಂಖ್ಯೆಯೊಳಗೆ ಕರಗಿಹೋಗಿರುತ್ತದೆ. ಕನ್ನಡಿಗರಾದ ನಾವು ಇದಕ್ಕೆ ಹಿಗ್ಗಬೇಕಾಗಿಲ್ಲ. ಹಿಂದಿಯೆಂಬ ತಲೆಬರಹದ ಕೆಳಗೆ ಭೋಜಪುರಿ, ರಾಜಸ್ಥಾನಿಗಳನ್ನು ಕೂಡಿಸಿದ್ದನ್ನು ನಾವು ಆಕ್ಷೇಪಿಸುತ್ತೇವಲ್ಲವೆ? ನ್ಯಾಯ ಎರಡು ಕಡೆಗೂ ಒಂದೇ.

ಕಾಲೇಜಿನಲ್ಲಿ ಗ್ರಂಥಸಂಪಾದನೆಯ ಪಾಠ ಹೇಳುವವನಾದ್ದರಿಂದ ನನಗೆ ಇದನ್ನೆಲ್ಲ ನೋಡಿದಾಗ ತಾಳೆಗರಿಯ ನೆನಪಾಗುತ್ತದೆ. ಹಳೆಯ ಕಾವ್ಯವೊಂದಕ್ಕೆ ಐದು ಪ್ರತಿಗಳಿದ್ದರೆ ಐದರಲ್ಲೂ ಪಾಠ ಒಂದೇ ಆಗಿರುವುದಿಲ್ಲ. ಸಂಪಾದಕನು ಒಂದನ್ನು ಮೇಲೆ ಅಚ್ಚುಹಾಕಿ, ಉಳಿದವನ್ನು ಕ ಪ್ರತಿ, ಖ ಪ್ರತಿ ಎಂದು ಗುರುತು ಹಾಕಿ ಅಡಿಯಲ್ಲಿ ಕೊಡುತ್ತಾನೆ. ತಾನು ಮೆಚ್ಚದ ಪಾಠವನ್ನೂ ಕೊಡುತ್ತಾನೆ. ಮುಂದೆ ಬರುವವನು ತನಗಿಂತ ಜಾಣನಿರಬಹುದೆಂಬ ವಿನಯ ಅದರಲ್ಲಿದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಹೊರಬಂದಂದಿನಿಂದ ಈ ಶಿಸ್ತು ನಮ್ಮ ವಿದ್ಯಾರ್ಥಿಗಳಿಗೆ ಪಠ್ಯವಾಗಿದೆ. ಅಂಕಿಗೂ ಪಾಠಾಂತರವುಂಟು. 74.04, 72.98, 69.3 ಇವು ಮೂರು ಪ್ರತಿಗಳ ಮೂರು ಪಾಠಗಳು. ಪ್ರತಿಯ ಹೆಸರು ಹೇಳದೆ ಪಾಠ ಕೊಡುವವನನ್ನು ನಾವು ಸಂಪಾದಕನೆನ್ನುವುದಿಲ್ಲ.

ಶಾಸನಗಳನ್ನು ಬರೆಸಿದವರಿಗೂ ಈ ಎಚ್ಚರವಿತ್ತು. ದಾನ ಕೊಟ್ಟ ಭೂಮಿ ಇಷ್ಟು ಮತ್ತರು ಎಂದು ಹೇಳಿ ಸುಮ್ಮನಾಗದೆ, ಅದನ್ನು ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ಕೆತ್ತಿಸುವುದುಂಟು. ಊರಿಂದೂರಿಗೆ ಗಳೆಯ ಉದ್ದ ಬೇರೆಯಾಗಿತ್ತು. ಎಲ್ಲೆಯನ್ನು ಹೇಳಿ, ಸಾಕ್ಷಿಗಳನ್ನು ಹೆಸರಿಸಿ ಮುಗಿಸುತ್ತಿದ್ದರು. ಆ ಶಾಸನಗಳನ್ನು ಎಂಟು ಸಾವಿರಕ್ಕೂ ಮಿಗಿಲಾಗಿ ಕಲೆಹಾಕಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಅಚ್ಚುಮಾಡಿಸಿದ ಬಿ. ಎಲ್. ರೈಸರೂ ಪ್ರತಿಯೊಂದಕ್ಕೆ ತಾಲ್ಲೂಕು, ಊರು, ಕಲ್ಲು ನಿಂತ ಜಾಗ ಹೇಳಿದರು. ಇದೂ ಒಂದು ಆಮದೇ, ಕಲ್ಲಿನಿಂದ ಕಾಗದಕ್ಕೆ. ಕಲ್ಲು ಇಂದು ಕಳೆದುಹೋಗಿದ್ದರೂ ಅದು ಎಲ್ಲಿತ್ತೆಂದು ನಾವು ಬಲ್ಲೆವು.

ಹಾಗೆಂದು ವಿಕಿಡೇಟಾವನ್ನು ಕಟ್ಟಿದವರಿಗೆ ಈ ವಿವೇಕವಿರಲಿಲ್ಲವೆಂದು ನಾನು ಹೇಳಲಾರೆ. ಒಂದು ಗುಣಕ್ಕೆ ಎಷ್ಟು ಅಂಕಿಗಳನ್ನು ಬೇಕಾದರೂ ಪಕ್ಕಪಕ್ಕದಲ್ಲಿ ಇಡಬಹುದು; ಒಂದೊಂದಕ್ಕೂ ಕಾಲ, ಎಣಿಸಿದ ವಿಧಾನ, ಆಧಾರಗ್ರಂಥ ಇವನ್ನು ಲಗತ್ತಿಸಬಹುದು; ಒಂದಕ್ಕೆ ಅಗ್ರಸ್ಥಾನ ಕೊಟ್ಟು, ಬಿದ್ದುಹೋದದ್ದಕ್ಕೆ ‘ತ್ಯಾಜ್ಯ’ವೆಂದು ಗುರುತು ಹಾಕಿಯೂ ಉಳಿಸಿಕೊಳ್ಳಬಹುದು. ಪಾಠಾಂತರಕ್ಕೆ ಇದಕ್ಕಿಂತ ಒಳ್ಳೆಯ ಪೆಟ್ಟಿಗೆಯನ್ನು ಯಾವ ಗ್ರಂಥಸಂಪಾದಕನೂ ಕನಸಿನಲ್ಲಿ ಕಂಡಿರಲಾರ. ದೋಷ ಪೆಟ್ಟಿಗೆಯದಲ್ಲ, ತುಂಬುವವರದು. ಖಾನೆಗಳೆಲ್ಲ ಇವೆ, ಅವನ್ನು ಖಾಲಿ ಬಿಟ್ಟು ಅಂಕಿಯೊಂದನ್ನೇ ಎಸೆದು ಹೋಗುತ್ತಾರೆ.

ಆಧಾರದ ಖಾನೆಯನ್ನು ತುಂಬಿದಾಗಲೂ ತುಂಬುವ ರೀತಿಯನ್ನು ನೋಡಬೇಕು. ಆರಂಭದ ವರ್ಷಗಳಲ್ಲಿ ಯಂತ್ರಗಳು ತಂದು ಸುರಿದ ಎಷ್ಟೋ ಸಂಗತಿಗಳಿಗೆ ಆಧಾರವೆಂದು ಬರೆದಿರುವುದು ‘ಇಂಗ್ಲಿಷ್ ವಿಕಿಪೀಡಿಯದಿಂದ ತಂದದ್ದು’ ಎಂದು. ಈಗ ಬೇರೆ ಭಾಷೆಯ ವಿಕಿಪೀಡಿಯಗಳು ಅದೇ ಸಂಗತಿಯನ್ನು ವಿಕಿಡೇಟಾದಿಂದ ಎತ್ತಿಕೊಳ್ಳುತ್ತವೆ. ‘ನಿನಗೆ ಯಾರು ಹೇಳಿದರು?’ ‘ಅಣ್ಣ.’ ‘ಅಣ್ಣನಿಗೆ?’ ‘ನಾನೇ ಹೇಳಿದ್ದೆ.’ ನ್ಯಾಯಾಲಯದಲ್ಲಿ ಇಂಥ ಸಾಕ್ಷ್ಯ ಒಂದು ನಿಮಿಷ ನಿಲ್ಲಲಾರದು.

‘ವಿಶ್ವಬ್ಯಾಂಕು’ ಎಂದು ಬರೆದರೆ ಸಾಲದೆ ಎನ್ನುವವರಿದ್ದಾರೆ. ಸಾಲದು. ವಿಶ್ವಬ್ಯಾಂಕು ಯಾರ ಮನೆಗೂ ಹೋಗಿ ತಲೆ ಎಣಿಸುವುದಿಲ್ಲ. ಜನಸಂಖ್ಯೆಗೆ ವಿಶ್ವಸಂಸ್ಥೆಯನ್ನೂ ಆಯಾ ದೇಶದ ಕಚೇರಿಗಳನ್ನೂ, ಸಾಕ್ಷರತೆಗೆ ಯುನೆಸ್ಕೋವನ್ನೂ ನೆಚ್ಚಿಕೊಂಡು ಕೋಷ್ಟಕ ಕಟ್ಟುತ್ತದೆ. ಹಾಗೆಂದು ತಾನೇ ಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಬರೆದೂ ಇರುತ್ತದೆ. ಅದು ಕಿರಾಣಿ ಅಂಗಡಿ, ಬೆಳೆದವನು ಬೇರೆ. 2011ರಲ್ಲಿ ಸುಮಾರು 27 ಲಕ್ಷ ಗಣತಿದಾರರೂ ಮೇಲ್ವಿಚಾರಕರೂ, ಅವರಲ್ಲಿ ಬಹುಮಂದಿ ಶಾಲೆಯ ಮೇಷ್ಟರುಗಳು ಮತ್ತು ಮೇಡಂಗಳು, ಬಿಸಿಲಿನಲ್ಲಿ ಮನೆಮನೆಯ ಬಾಗಿಲು ತಟ್ಟಿ ಬರೆದುಕೊಂಡದ್ದರಿಂದ ನಮಗೊಂದು ಸಂಖ್ಯೆ ದಕ್ಕಿತು. ಅದರ ಪಕ್ಕದಲ್ಲಿ ಜನಗಣತಿಯ ಹೆಸರನ್ನು ಬರೆಯುವಷ್ಟು ವ್ಯವಧಾನ ನಮಗಿಲ್ಲವೆ?

ಇಲ್ಲಿ ಕಾನೂನಿನ ಪ್ರಸ್ತಾಪ ಬರುತ್ತದೆ. ವಿಶ್ವಬ್ಯಾಂಕಿನ ಪರವಾನಗಿಯೂ, ಭಾರತ ಸರ್ಕಾರ 2017ರಲ್ಲಿ ಪ್ರಕಟಿಸಿದ ಮುಕ್ತ ದತ್ತಾಂಶದ ಪರವಾನಗಿಯೂ ‘ಬಳಸಿಕೊಳ್ಳಿ, ನಮ್ಮ ಹೆಸರು ಹೇಳಿ’ ಎನ್ನುತ್ತವೆ. ವಿಕಿಡೇಟಾ ತನ್ನಲ್ಲಿರುವುದನ್ನೆಲ್ಲ ಯಾವ ಷರತ್ತೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಡುತ್ತದೆ. ಅಲ್ಲಿಂದ ಒಯ್ಯುವವನು ಯಾರ ಹೆಸರನ್ನೂ ಹೇಳಬೇಕಾಗಿಲ್ಲ. ‘ಬರಿಯ ಸಂಗತಿಗೆ ಹಕ್ಕುಸ್ವಾಮ್ಯವಿಲ್ಲ’ ಎಂದು ಅಮೆರಿಕದ ಸುಪ್ರೀಂ ಕೋರ್ಟು 1991ರಲ್ಲಿ ಟೆಲಿಫೋನು ಡೈರೆಕ್ಟರಿಯ ಮೊಕದ್ದಮೆಯಲ್ಲಿ ಹೇಳಿದ್ದನ್ನು ಉತ್ಸಾಹಿಗಳು ಎತ್ತಿ ತೋರಿಸುತ್ತಾರೆ. ಯೂರೋಪಿನವರು 1996ರಲ್ಲಿ ದತ್ತಸಂಚಯಕ್ಕೇ ಬೇರೊಂದು ಹಕ್ಕನ್ನು ಕೊಟ್ಟುದನ್ನು ಎದುರಾಳಿಗಳು ತೋರಿಸುತ್ತಾರೆ. ವಕೀಲರ ಜಗಳ ವಕೀಲರಿಗಿರಲಿ. ನಮ್ಮ ಹಳೆಯ ಕವಿಗಳು ಕಾವ್ಯದ ಮೊದಲಲ್ಲಿ ಪೂರ್ವಕವಿಗಳನ್ನು ಸ್ಮರಿಸಿದ್ದು ಯಾವ ಪರವಾನಗಿಗೆ ಹೆದರಿ? ಕಾನೂನು ಬಿಟ್ಟರೂ ಋಣ ಬಿಡುವುದಿಲ್ಲ. ಅಂಕಿಯ ವಿಷಯದಲ್ಲಂತೂ ಋಣವನ್ನು ಹೇಳುವುದು ಸೌಜನ್ಯ ಮಾತ್ರವಲ್ಲದೆ ಅಂಕಿಯ ಅರ್ಥವೂ ಹೌದು.

‘ಯಂತ್ರದಿಂದ ತುಂಬಿಸದಿದ್ದರೆ ಸಣ್ಣ ಭಾಷೆಗಳು ಬೆಳೆಯುವುದು ಹೇಗೆ?’ ಎಂಬುದು ನನ್ನ ಎದುರಾಳಿಗಳ ಪ್ರಬಲವಾದ ಪ್ರಶ್ನೆ. ಉತ್ತರಕ್ಕೆ ಎರಡು ನಿದರ್ಶನ ನೋಡೋಣ. 2002ರ ಅಕ್ಟೋಬರಿನಲ್ಲಿ ರ‍್ಯಾಂಬಾಟ್ ಎಂಬ ಪ್ರೋಗ್ರಾಮು ಅಮೆರಿಕದ ಜನಗಣತಿಯನ್ನು ಆಧರಿಸಿ ಆ ದೇಶದ ಸುಮಾರು ಮೂವತ್ತು ಸಾವಿರ ಊರುಗಳ ಮೇಲೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನ ಸೃಷ್ಟಿಸಿತು. ಒಣ ಲೇಖನಗಳು, ನಿಜ. ಆದರೆ ‘2000ದ ಗಣತಿಯಂತೆ’ ಎಂದು ವಾಕ್ಯದಲ್ಲೇ ಹೇಳುತ್ತಿತ್ತು. ಹಳತಾದಾಗ ಹಳತಾಯಿತೆಂದು ಕಣ್ಣಿಗೆ ಕಾಣುತ್ತಿತ್ತು. ಆಯಾ ಊರಿನವರು ಬಂದು ತಿದ್ದಿದರು. ಇನ್ನೊಂದು, ಸ್ವೀಡನ್ನಿನ ಸ್ವೆರ್ಕರ್ ಯೋಹಾನ್ಸನ್ ರಚಿಸಿದ ಎಲ್‌ಎಸ್‌ಜೆಬಾಟ್. ಫಿಲಿಪೀನ್ಸಿನ ಸೆಬುವಾನೊ ಭಾಷೆಯ ವಿಕಿಪೀಡಿಯದಲ್ಲಿ ಇಂದು ಅರುವತ್ತು ಲಕ್ಷಕ್ಕೂ ಮೀರಿ ಲೇಖನಗಳಿವೆ. ಇಂಗ್ಲಿಷನ್ನು ಬಿಟ್ಟರೆ ಎಣಿಕೆಯಲ್ಲಿ ಅದರದೇ ಮುಂದಿನ ಸ್ಥಾನ. ಬಹುಪಾಲು ಈ ಯಂತ್ರದ ಬೆಳೆ. ಊರು, ಬೆಟ್ಟ, ಹೊಳೆಗಳ ಜಾಲಪಟ್ಟಿಯೊಂದರಿಂದ ತಂದದ್ದರಲ್ಲಿ ಪಟ್ಟಿಯ ತಪ್ಪುಗಳೂ ಬಂದವು. ತಿದ್ದಲು ಸೆಬುವಾನೊ ಬಲ್ಲ ಕಾರ್ಯಕರ್ತರು ಬೆರಳೆಣಿಕೆಯಷ್ಟು. ಅರುವತ್ತು ಲಕ್ಷ ಹೊಲಕ್ಕೆ ನಾಲ್ಕು ಜನ ಒಕ್ಕಲು! ಭಾಷೆ ಬೆಳೆಯಿತೆಂದು ಯಾರು ಹೇಳುತ್ತಾರೆ?

ಕನ್ನಡದ ಸ್ಥಿತಿ ಈ ಎರಡನೆಯದಕ್ಕೆ ಹತ್ತಿರ. ‘ತಪ್ಪಿದ್ದರೆ ಯಾರಾದರೂ ತಿದ್ದುತ್ತಾರೆ’ ಎಂಬ ಮಾತು ಸಾವಿರಾರು ಕಣ್ಣುಗಳು ಕಾವಲಿರುವ ಇಂಗ್ಲಿಷಿಗೆ ಹೊಂದೀತು. ನಮ್ಮಲ್ಲಿ ಬಿದ್ದ ತಪ್ಪು ಬಿದ್ದಲ್ಲೇ ಬೇರೂರುತ್ತದೆ. ಅದನ್ನು ವಿದ್ಯಾರ್ಥಿ ಪ್ರಬಂಧಕ್ಕೆ ಇಳಿಸುತ್ತಾನೆ, ಭಾಷಣಕಾರ ವೇದಿಕೆಯಲ್ಲಿ ಗುಡುಗುತ್ತಾನೆ. ಈಗ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಅವೂ ಜಾಲದ ಇಂಥ ಉಗ್ರಾಣಗಳಿಂದಲೇ ಉಂಡು ಬೆಳೆದವು. ಅವು ಅಂಕಿಯನ್ನು ಹೇಳುವಾಗ ಇದ್ದಬದ್ದ ಟಿಪ್ಪಣಿಯನ್ನೂ ನುಂಗಿ, ಗಂಟಲು ಸರಿಮಾಡಿಕೊಂಡು ಧೈರ್ಯವಾಗಿ ಹೇಳುತ್ತವೆ.

ಅಂಕಿ ಹುಡುಗಾಟದ ವಸ್ತುವಲ್ಲ. ಯಾವ ವರ್ಷದ ಜನಸಂಖ್ಯೆಯನ್ನು ಹಿಡಿಯಬೇಕೆಂಬ ಒಂದೇ ಪ್ರಶ್ನೆಯ ಮೇಲೆ ರಾಜ್ಯಗಳು ಜಗಳವಾಡಿವೆ. ಹದಿನಾಲ್ಕನೆಯ ಹಣಕಾಸು ಆಯೋಗ 1971ರ ಗಣತಿಗೂ ತೂಕ ಕೊಟ್ಟಿತ್ತು. ಹದಿನೈದನೆಯದು 2011ರದನ್ನು ಮಾತ್ರ ಹಿಡಿಯಿತು. ಕುಟುಂಬಯೋಜನೆಯನ್ನು ನಿಷ್ಠೆಯಿಂದ ನಡೆಸಿದ ದಕ್ಷಿಣದ ರಾಜ್ಯಗಳು ಆಗ ಎತ್ತಿದ ಕೂಗನ್ನು ವಾಚಕರು ಮರೆತಿರಲಾರರು. ಲೋಕಸಭೆಯ ಸ್ಥಾನಗಳ ಹಂಚಿಕೆಯನ್ನು 1971ರ ಗಣತಿಗೆ ಕಟ್ಟಿಹಾಕಿದ್ದು 1976ರ ಸಂವಿಧಾನ ತಿದ್ದುಪಡಿ. 2001ರ ತಿದ್ದುಪಡಿ ಅದನ್ನೇ ಮುಂದುವರಿಸಿತು. ಸಂವಿಧಾನವೇ ಅಂಕಿಯ ವರ್ಷವನ್ನು ಇಷ್ಟು ಜತನದಿಂದ ಹೇಳುವಾಗ ನಮ್ಮ ಜ್ಞಾನಭಂಡಾರ ಅದನ್ನು ಹೇಳದೆ ಬಿಡಬಹುದೆ?

ಹಾಗಾದರೆ ಆಗಬೇಕಾದದ್ದೇನು? ಅಂಕಿ ತರುವವನು ಮೊದಲು ಅದರ ವರ್ಷವನ್ನೂ, ಅದು ಎಣಿಕೆಯೋ ಅಂದಾಜೋ ಎಂಬುದನ್ನೂ ಬರೆಯಲಿ. ಅಂಗಡಿಯವನ ಜತೆಗೆ ಬೆಳೆದವನ ಹೆಸರನ್ನೂ ಹೇಳಲಿ. ಕೋಷ್ಟಕದ ಅಡಿಟಿಪ್ಪಣಿ ಓದಿ ಅದರ ಸಾರವನ್ನು ಖಾನೆಗೆ ಇಳಿಸಲಿ. ಹೊಸ ಅಂಕಿ ಬಂದಾಗ ಹಳೆಯದನ್ನು ಅಳಿಸದೆ ಪಕ್ಕದಲ್ಲಿಡಲಿ. ತಾನು ತಂದದ್ದನ್ನು ಮುಂದಿನ ವರ್ಷವೂ ಬಂದು ನೋಡುವ ಹೊಣೆಯನ್ನು ಹೊರಲಿ, ಹೊರಲಾರದವನು ತರದಿರಲಿ. ಕನ್ನಡದ ಪುಟಗಳು ವಿಕಿಡೇಟಾದಿಂದ ಅಂಕಿಯನ್ನು ಎತ್ತಿಕೊಳ್ಳುವಾಗ ಆಧಾರವಿರುವುದನ್ನು ಮಾತ್ರ ಎತ್ತಿಕೊಳ್ಳುವಂತೆ ಏರ್ಪಾಡು ಮಾಡುವುದು ತಂತ್ರಜ್ಞರಿಗೆ ಕಷ್ಟದ ಕೆಲಸವಲ್ಲ.

ಹೀಗೆ ಮಾಡಿದರೆ ಕೆಲಸ ನಿಧಾನವಾಗುತ್ತದೆ ಎಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ನಿಧಾನವಾಗಲಿ. ಇನ್ನೂರು ದೇಶಗಳ ಅಂಕಿ ಒಂದು ರಾತ್ರಿಯಲ್ಲಿ ಕನ್ನಡಕ್ಕೆ ಬರಬೇಕೆಂಬ ತುರ್ತು ಯಾರಿಗೂ ಇಲ್ಲ. ಖಾಲಿ ಖಾನೆಯನ್ನು ನೋಡಿದ ಓದುಗ ‘ಇದು ಗೊತ್ತಿಲ್ಲ’ ಎಂದು ತಿಳಿದು ಬೇರೆಡೆ ಹುಡುಕುತ್ತಾನೆ. ಸಾಕ್ಷಿಯಿಲ್ಲದ ಅಂಕಿಯನ್ನು ನೋಡಿದವನು ಗೊತ್ತಾಯಿತೆಂದು ತಿಳಿದು ಹುಡುಕುವುದನ್ನೇ ನಿಲ್ಲಿಸುತ್ತಾನೆ. ಕನ್ನಡದ ಓದುಗನಿಗೆ ನಾವು ಮಾಡಬಹುದಾದ ಅನ್ಯಾಯಗಳಲ್ಲಿ ಇದು ಸಣ್ಣದಲ್ಲ.